ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವಾಗ ವರದಿಗಾರರಿಗೆ ಉಳಿದ ಕೆಲಸ ಯಾವುದು?

ಮುಲುಂದ್ ವರದಿಗಾರ್ತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಕನ್ನಡ ಪತ್ರಿಕೆಗಳಿಗೆ ಬಹಳ ಕಾಲದಿಂದ ವರದಿ ಬರೆಯುತ್ತಾ ಬಂದವಳು ನಾನು. ಸಂಬಳದ ನೌಕರಿ ಅಲ್ಲ, ಬರೆದಷ್ಟಕ್ಕೆ ಕಾಸು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ನಾಟಕ, ಕರ್ನಾಟಕ ಸಂಘದ ಪುಸ್ತಕ ಬಿಡುಗಡೆ, ವಾರ್ಡ್ ಆಫೀಸಿನ ನೀರಿನ ತಕರಾರು, ಒಮ್ಮೊಮ್ಮೆ ಕೋರ್ಟು. ಸುಮ್ನೆ ವಾದಕ್ಕೆ ಅಂತ ಈ ಪ್ರಶ್ನೆ ಕೇಳುತ್ತಿಲ್ಲ. ನನ್ನ ದಿನದ ಹೊತ್ತನ್ನು ಯಾವ ಕೆಲಸಕ್ಕೆ ಹಾಕಲಿ ಅಂತ ಗೊತ್ತಾಗಬೇಕಾಗಿದೆ.

ಈಗ ಊರಲ್ಲಿ ಏನೇ ಆಗಲಿ, ನಾನು ಚಪ್ಪಲಿ ಮೆಟ್ಟುವ ಮೊದಲೇ ಅದರ ವಿಡಿಯೋ ಫೋನಿಗೆ ಬಂದಿರುತ್ತದೆ. ಪತ್ರಿಕೆಯ ಡೆಸ್ಕಿಗೆ ಫೋನ್ ಮಾಡಿ "ಇಂಥ ಕಡೆ ಹೀಗಾಗಿದೆ, ಹೊರಟಿದ್ದೇನೆ" ಎಂದರೆ, "ವಿಡಿಯೋ ಬಂದಾಯ್ತು ಅಕ್ಕ, ನೀವು ನಾಲ್ಕು ಸಾಲು ಬರೆದು ಕಳಿಸಿ ಸಾಕು" ಅನ್ನುತ್ತಾರೆ. ಅವರ ಕಷ್ಟ ನನಗೆ ಗೊತ್ತು. ವೆಬ್‌ಸೈಟಿಗೆ ಐದು ನಿಮಿಷದಲ್ಲಿ ಏನಾದರೂ ಹಾಕಲೇಬೇಕು.

2005ರ ಜುಲೈ 26 ನೆನಪಿರುವವರು ಇಲ್ಲಿ ಸುಮಾರು ಜನ ಇದ್ದೀರಿ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಕ್ಯಾಮೆರಾ ಇರುವ ಫೋನ್ ಆಗ ಅಪರೂಪ. ನೆಟ್‌ವರ್ಕ್ ಕೂಡ ಕೈಕೊಟ್ಟಿತ್ತು. ಸಾಕಿನಾಕಾದಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಿನಡಿ ಹೋದದ್ದು ಪಕ್ಕದ ಅಂಧೇರಿಯವರಿಗೂ ತಡವಾಗಿ ತಿಳಿಯಿತು. ನಡೆದುಕೊಂಡು ಹೋಗಿ, ಕಣ್ಣಾರೆ ನೋಡಿ, ಬಂದು ಹೇಳುವವರು ಬೇಕಿತ್ತು. ಆ ಕೆಲಸ ನಮ್ಮದಾಗಿತ್ತು.

ಅದೇ ತಿಂಗಳು 7ರಂದು ಲಂಡನ್ನಿನ ನೆಲದಡಿಯ ರೈಲುಗಳಲ್ಲಿ ಬಾಂಬ್ ಸಿಡಿದಾಗ, ಒಳಗೆ ಸಿಕ್ಕಿಕೊಂಡವರು ಫೋನಿನಲ್ಲಿ ತೆಗೆದ ಚಿತ್ರಗಳೇ ಬಿಬಿಸಿಯಲ್ಲಿ ಬಂದವು. ಜನರೇ ಫೋನಿನಲ್ಲಿ ಚಿತ್ರ ತೆಗೆಯುವ ಆ ಪದ್ಧತಿ ನಮ್ಮ ಊರಿಗೆ ಬಂದದ್ದು ಮರುವರ್ಷ. 2006ರ ಜುಲೈ 11ರ ಸಂಜೆ, ಪಶ್ಚಿಮ ರೈಲ್ವೆಯ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ ಏಳು ಸ್ಫೋಟ ಆದಾಗ. 2008ರ ನವೆಂಬರ್ 26ಕ್ಕಂತೂ ಕೊಲಾಬಾದ ಬೀದಿಯಲ್ಲಿ ನಿಂತವರು ಟ್ವಿಟರ್‌ನಲ್ಲಿ ಬರೆಯುತ್ತಿದ್ದರು, ಫ್ಲಿಕರ್‌ಗೆ ಫೋಟೋ ಏರಿಸುತ್ತಿದ್ದರು. ಹೊರದೇಶದ ಚಾನೆಲ್‌ಗಳು ಅವನ್ನೇ ಎತ್ತಿಕೊಂಡವು.

ಆ ದಿನಗಳ ಇನ್ನೊಂದು ಸಂಗತಿ ನನಗೆ ಈಗಲೂ ಸಂಕಟ ಕೊಡುತ್ತದೆ. ನರಿಮನ್ ಹೌಸ್ ಮೇಲೆ ಕಮಾಂಡೋಗಳು ಹೆಲಿಕಾಪ್ಟರ್‌ನಿಂದ ಇಳಿಯುವುದನ್ನು ಟೀವಿಯವರು ನೇರಪ್ರಸಾರ ಮಾಡಿದರು. ಒಳಗಿದ್ದ ಉಗ್ರರಿಗೆ ಗಡಿಯಾಚೆಯಿಂದ ಫೋನಿನಲ್ಲಿ ಸೂಚನೆ ಕೊಡುತ್ತಿದ್ದವರೂ ಅದೇ ಟೀವಿ ನೋಡುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ಕೇಬಲ್ ಟೀವಿ ನಿಯಮ ತಿದ್ದಿ, ಇಂಥ ಕಾರ್ಯಾಚರಣೆಯ ನೇರಪ್ರಸಾರ ನಿಲ್ಲಿಸಿದರು. ಆದರೆ ಆ ನಿಯಮ ಚಾನೆಲ್‌ಗಳಿಗೆ. ಎದುರಿನ ಬಾಲ್ಕನಿಯಲ್ಲಿ ಫೋನ್ ಹಿಡಿದು ಲೈವ್ ಹೋಗುವ ಹುಡುಗನನ್ನು ಅದು ಮುಟ್ಟುವುದಿಲ್ಲ.

ಮೊದಲು ತಿಳಿಸುವ ಕೆಲಸ ನಮ್ಮ ಕೈಬಿಟ್ಟಿತು. ಚಿತ್ರ ತರುವ ಕೆಲಸವೂ ಹೋಯಿತು. ಹಾಗಾದರೆ ಉಳಿದದ್ದು ಏನು? ಈ ಕೆಲಸದಲ್ಲಿ ಇರುವವರು, ವಿಡಿಯೋ ತೆಗೆದು ಹಾಕುವವರು, ಇಬ್ಬರೂ ಹೇಳಿ.

ಅಂಧೇರಿ ರಾತ್ರಿ ಪಾಳಿ

ಅಕ್ಕ, ನಾನು ಒಂದು ಹಿಂದಿ ಚಾನೆಲ್‌ನ ಡೆಸ್ಕಿನಲ್ಲಿದ್ದೇನೆ. ಹೊರಗಿನಿಂದ ಬರುವ ವಿಡಿಯೋ ನೋಡಿ ಇದನ್ನು ಹಾಕಬಹುದು, ಇದು ಬೇಡ ಅನ್ನುವುದೇ ಪಾಳಿಯ ಮುಕ್ಕಾಲು ಕೆಲಸ. ಹಾಗಾಗಿ ನಿಮ್ಮಂಥವರ ಕೆಲಸ ಎಲ್ಲಿ ಬೇಕಾಗುತ್ತದೆ ಅಂತ ಪ್ರತಿ ರಾತ್ರಿ ಕಾಣುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. 2024ರ ಮಳೆಗಾಲದಲ್ಲಿ ಒಂದು ಕ್ಲಿಪ್ ಬಂತು. "ಹಿಂದ್‌ಮಾತಾ, ಈಗ" ಅಂತ ಬರೆದಿತ್ತು. ಹಿಂದ್‌ಮಾತಾ ಅಂದರೆ ಪರೇಲ್ ಕಡೆಯ, ಮಳೆಗೆ ನೀರು ನಿಲ್ಲುವ ಜಾಗ. ಸೊಂಟದ ತನಕ ನೀರು, ಒಂದು ಟ್ಯಾಕ್ಸಿ ತೇಲುತ್ತಿದೆ, ಯಾರೋ ಮರಾಠಿಯಲ್ಲಿ ಕೂಗುತ್ತಿದ್ದಾರೆ. ಎಲ್ಲ ಕಡೆಯೂ ಹರಿದಾಡುತ್ತಿತ್ತು. ನಾನು ಮೊದಲು ಕಳಿಸಿದವರನ್ನು ಕೇಳುವುದು ಒಂದೇ ಮಾತು: ನೀವೇ ತೆಗೆದಿದ್ದಾ? "ಇಲ್ಲ, ಗ್ರೂಪಿನಲ್ಲಿ ಬಂತು" ಎಂದರು. ವಾಟ್ಸ್‌ಆಪ್‌ನಲ್ಲಿ ಹಾದು ಬಂದ ವಿಡಿಯೋದಲ್ಲಿ ಅದನ್ನು ಯಾವಾಗ ತೆಗೆದರು, ಎಲ್ಲಿ ತೆಗೆದರು ಅನ್ನುವ ಮಾಹಿತಿ ಅಳಿಸಿ ಹೋಗಿರುತ್ತದೆ. ಹಾಗಾಗಿ ಚಿತ್ರದ ಒಳಗೇ ಹುಡುಕಬೇಕು.

ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅಂಗಡಿಗಳ ಬೋರ್ಡು ನೋಡಿದರೆ ಜಾಗ ಹಿಂದ್‌ಮಾತಾವೇ. ಎಡಕ್ಕೆ ಒಂದು ದೀಪದ ಕಂಬ, ಅದಕ್ಕೆ ಹುಟ್ಟುಹಬ್ಬದ ಬ್ಯಾನರ್ ಕಟ್ಟಿದ್ದಾರೆ. ದೊಡ್ಡದು ಮಾಡಿ ನೋಡಿದರೆ ಹೆಸರಿನ ಕೆಳಗೆ "ನಗರಸೇವಕ", ಅಂದರೆ ಪಾಲಿಕೆ ಸದಸ್ಯ, ಅಂತ ಇತ್ತು. ಮುಂಬಯಿ ಪಾಲಿಕೆಯ ಅವಧಿ 2022ರ ಮಾರ್ಚಿಗೆ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋಯಿತಲ್ವಾ? ಆಮೇಲೆ ಚುನಾವಣೆ ಆಗುವ ತನಕ ಬ್ಯಾನರ್‌ಗಳಲ್ಲೆಲ್ಲ "ಮಾಜಿ ನಗರಸೇವಕ" ಅಂತಲೇ ಬರೆಯುತ್ತಿದ್ದರು. ಅಂದರೆ ಇದು ಹಳೆಯದಿರಬೇಕು. ಹಿಂದ್‌ಮಾತಾದ ನೀರು ಹಿಡಿಯಲು ಪಾಲಿಕೆ ಪಕ್ಕದ ಮೈದಾನಗಳ ಅಡಿಯಲ್ಲಿ ದೊಡ್ಡ ಟ್ಯಾಂಕ್ ಕಟ್ಟಿಸಿದ ಮೇಲೆ ಅಲ್ಲಿನ ಪರಿಸ್ಥಿತಿಯೂ ಮೊದಲಿನಂತಿಲ್ಲ. ಹವಾಮಾನ ಇಲಾಖೆಯ ಕೊಲಾಬಾ ಮತ್ತು ಸಾಂತಾಕ್ರೂಜ್ ಅಂಕಿ ನೋಡಿದೆ, ಸಮುದ್ರದ ಭರತದ ಹೊತ್ತು ನೋಡಿದೆ. ಅಂಥ ನೀರು ನಿಲ್ಲುವ ಮಳೆ ಅವತ್ತು ಬಿದ್ದೇ ಇರಲಿಲ್ಲ.

ಇಷ್ಟಾದರೂ ಖಾತ್ರಿ ಬೇಕು. ಪರೇಲ್ ಕಡೆಯ ಒಂದು ಉಡುಪಿ ಹೋಟೆಲಿಗೆ ಫೋನ್ ಮಾಡಿದೆ. ಗಲ್ಲಾದಲ್ಲಿ ಕೂತವರು ಹೊರಗೆ ಹೋಗಿ ನೋಡಿ ಬಂದು, "ರಸ್ತೆ ಒದ್ದೆ ಇದೆ ಅಷ್ಟೇ, ಬಸ್ಸು ಓಡಾಡ್ತಾ ಇವೆ" ಎಂದರು. ಕ್ಲಿಪ್ ಕೈಬಿಟ್ಟೆವು.

ಅಕ್ಕ, ಆ ಕೊನೆಯ ಫೋನ್ ಇದೆಯಲ್ಲ, ಅದು ಯಾವ ಸಾಫ್ಟ್‌ವೇರ್‌ನಿಂದಲೂ ಆಗುವುದಿಲ್ಲ. ಚಿತ್ರವನ್ನು ಹಿಂದಕ್ಕೆ ಹುಡುಕುವ ಗೂಗಲ್ ಲೆನ್ಸ್ ಇದೆ, ವಿಡಿಯೋವನ್ನು ತುಂಡು ತುಂಡು ಮಾಡಿ ಹುಡುಕುವ ಇನ್‌ವಿಡ್ ಇದೆ. ದಿನಾ ಬಳಸುತ್ತೇನೆ. ಈಗ ಎಐ ತಾನೇ ತಯಾರಿಸುವ ಪ್ರವಾಹದ ವಿಡಿಯೋಗಳೂ ಬರುತ್ತಿವೆ. ಅವಕ್ಕೆ ಹಿಂದಿನ ಮೂಲವೇ ಇರುವುದಿಲ್ಲ. ಹುಡುಕಿದರೆ ಏನೂ ಸಿಗುವುದಿಲ್ಲ. ಆಗ ಸ್ಥಳದಲ್ಲಿ ನಿಂತ ಒಬ್ಬ ನಂಬಿಕಸ್ಥರ ಮಾತೇ ಗತಿ.

ತಪ್ಪಾದರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. 2018ರ ಜುಲೈ 1ರಂದು ನಮ್ಮದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ, ಮಕ್ಕಳ ಕಳ್ಳರು ಅಂತ ಐದು ಜನರನ್ನು ಹೊಡೆದು ಕೊಂದರು. ಸತ್ತವರು ಭಿಕ್ಷೆ ಬೇಡಿ ಬದುಕುವ ನಾಥಪಂಥಿ ಡವರಿ ಗೋಸಾವಿ ಸಮುದಾಯದವರು. ಎರಡೇ ವಾರದಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ಗೂ ಅದೇ ಗತಿ ಆಯಿತು. ಆ ಕಾಲದಲ್ಲಿ ದೇಶವೆಲ್ಲ ಸುತ್ತಿದ ವಿಡಿಯೋಗಳಲ್ಲಿ ಒಂದು ಕರಾಚಿಯದ್ದು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನಿಜದಲ್ಲಿ ಅದು ಮಕ್ಕಳ ಸುರಕ್ಷತೆಗೆ ಅಂತ ಮಾಡಿಸಿದ ಜಾಗೃತಿ ಚಿತ್ರ. ಮಗುವನ್ನು ವಾಪಸ್ ತಂದು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಕತ್ತರಿಸಿ ಹರಡಿದ್ದರು. ಇಷ್ಟೆಲ್ಲ ಆದ ಮೇಲೆ ವಾಟ್ಸ್‌ಆಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕಿತು.

ಹಾಗಾಗಿ ನೀವು ಮನೆಯಲ್ಲಿ ಕೂತು ನಾಲ್ಕು ಸಾಲು ಬರೆಯಬೇಡಿ. ವಿಡಿಯೋ ಬಂದಿದ್ದರೂ ಹೋಗಿ. ಬಂದಿದ್ದರೆ ಇನ್ನೂ ಬೇಗ ಹೋಗಿ.

ದಿವಾ ಸ್ಲೋ

ಡೆಸ್ಕಿನವರು ಹೇಳಿದ್ದು ಸರಿ ಇರಬಹುದು ಮಾರಾಯ್ರೆ. ಆದರೆ ವಿಡಿಯೋ ಅಂದರೆ ಬರೀ ಸುಳ್ಳಿನ ಕಂತೆ ಅನ್ನುವ ಹಾಗೆ ಮಾತು ಹೋಗುವುದು ನನಗೆ ಇಷ್ಟ ಆಗಲಿಲ್ಲ. ನಾನು ಊರು ಬಿಟ್ಟು ಬಂದಾಗಿನಿಂದ ದಿವಾದಲ್ಲಿದ್ದೇನೆ. ಮಸ್ಜಿದ್ ಬಂದರಿನಲ್ಲಿ ಕೆಲಸ. ಬೆಳಗಿನ ಹೊತ್ತು ದಿವಾದಲ್ಲಿ ಗಾಡಿ ಹತ್ತುವುದು ಅಂದರೆ ಏನು ಅಂತ ಹತ್ತಿದವರಿಗೇ ಗೊತ್ತು. ಕಲ್ಯಾಣದಿಂದ ಬರುವ ಫಾಸ್ಟ್ ಆಗಲೇ ತುಂಬಿರುತ್ತದೆ. ಬಾಗಿಲಲ್ಲಿ ಒಂದು ಕಾಲು ಊರಲು ಜಾಗ ಸಿಕ್ಕಿದರೆ ಹೋದ ಹಾಗೆ, ಇಲ್ಲದಿದ್ದರೆ ನಿಂತ ಹಾಗೆ.

ಎಷ್ಟು ವರ್ಷ ಇದನ್ನು ಯಾರು ಬರೆದರು? ಪತ್ರಿಕೆಯಲ್ಲಿ ಮೂರನೇ ಪುಟದ ಒಂದು ಮೂಲೆಯಲ್ಲಿ "ಹಳಿಯಲ್ಲಿ ಬಿದ್ದು ಸಾವು" ಅಂತ ಎರಡು ಸಾಲು ಬರುತ್ತಿತ್ತು. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ, ಎದುರುಬದುರು ಹಾದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಒಬ್ಬರಿಗೊಬ್ಬರು ತಾಗಿ ಹಳಿಗೆ ಬಿದ್ದರು. ಗಾಯಾಳುಗಳನ್ನು ಜನ ಹೊತ್ತುಕೊಂಡು ಬರುವ ವಿಡಿಯೋ ಅರ್ಧ ಗಂಟೆಯಲ್ಲಿ ದೇಶವೆಲ್ಲ ನೋಡಿತು. ಅದೇ ದಿನ ರೈಲ್ವೆ ಹೇಳಿತು: ಮುಂಬಯಿಗೆ ಬರುವ ಹೊಸ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಹಾಕುತ್ತೇವೆ. ವಿಡಿಯೋ ಇಲ್ಲದಿದ್ದರೆ ಅದೇ ದಿನ ಹೇಳುತ್ತಿದ್ದರಾ?

ಹೊರಗಿನ ಸಂಗತಿ ಒಂದು ಹೇಳುತ್ತೇನೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಪೊಲೀಸರ ಮೊದಲ ಹೇಳಿಕೆಯಲ್ಲಿ ಇದ್ದದ್ದು, ಆರೋಗ್ಯ ಕೆಟ್ಟು ಒಬ್ಬ ವ್ಯಕ್ತಿ ಸತ್ತ ಅಂತ. ಕುತ್ತಿಗೆಯ ಮೇಲೆ ಮೊಣಕಾಲು ಊರಿದ ಮಾತೇ ಅದರಲ್ಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ 17 ವರ್ಷದ ಹುಡುಗಿ ಡಾರ್ನೆಲಾ ಫ್ರೇಜಿಯರ್ ಫೋನಿನಲ್ಲಿ ಎಲ್ಲ ಚಿತ್ರೀಕರಿಸಿದ್ದಕ್ಕೆ ಸತ್ಯ ಹೊರಬಿತ್ತು. 2021ರಲ್ಲಿ ಪುಲಿಟ್ಜರ್ ಮಂಡಳಿ ಅವಳಿಗೆ ವಿಶೇಷ ಗೌರವ ಕೊಟ್ಟಿತು. ವರದಿಗಾರರು ಪೊಲೀಸ್ ಹೇಳಿಕೆಯನ್ನು ಹಾಗೇ ಅಚ್ಚು ಹಾಕಿ ಕೂತಿದ್ದರೆ ಮುಗಿದೇ ಹೋಗಿತ್ತು.

ನಮ್ಮ ಗಾಡಿಯ ಸುದ್ದಿಗೂ ಅಷ್ಟೇ. ಎಲ್ಲಿ ಸಿಗ್ನಲ್ ಕೆಟ್ಟಿದೆ, ಯಾವ ಗಾಡಿ ರದ್ದು, ಠಾಣೆಯಲ್ಲಿ ಎಷ್ಟು ಜನ ಅಂತ ಎಂ-ಇಂಡಿಕೇಟರ್ ಅನ್ನುವ ಆಪ್‌ನ ಚಾಟ್‌ನಲ್ಲಿ ಗಾಡಿಯೊಳಗೆ ನಿಂತವರೇ ಬರೆಯುತ್ತಾರೆ. ಯಾವ ಚಾನೆಲ್ಲೂ ಅಷ್ಟು ಬೇಗ ಹೇಳುವುದಿಲ್ಲ. ಬೇಜಾರು ಮಾಡಬೇಡಿ ಅಕ್ಕ. ನಿಮ್ಮಂಥವರು ಬಂದರೆ ಸಂತೋಷವೇ. ಆದರೆ ದಿವಾಕ್ಕೆ ಯಾರೂ ಬರುತ್ತಿರಲಿಲ್ಲ ಅನ್ನುವುದೂ ನಿಜ.

ವಾಸ್ಕೋ ಮಾಸ್ತರ

ಅಕ್ಕಾರ, ನಾನು ಗೋವಾದಾಗ ಇರುವ ಗದಗ ಕಡೆಯವ. ಇಲ್ಲಿ ಕಟ್ಟಡದ ಕೆಲಸಕ್ಕೆ, ಬಂದರಿನ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಮಂದಿ ಬಹಳ. ಅವರ ಮಕ್ಕಳಿಗೆ ಪಾಠ ಹೇಳುತ್ತೇನೆ. ದಿವಾದ ಅಣ್ಣಾರ ಸಿಟ್ಟು ನನಗೆ ತಿಳಿಯುತ್ತದೆ. ನಮ್ಮ ಓಣಿಗೂ ಯಾರೂ ಬರುವುದಿಲ್ಲ.

ಎರಡು ಮಾತು ಹೇಳಬೇಕು. ಗೋವಾದಲ್ಲೇ ನೆಲೆ ಇರುವ ವಿಡಿಯೋ ವಾಲಂಟಿಯರ್ಸ್ ಅನ್ನುವ ಸಂಸ್ಥೆ 2010ರಲ್ಲಿ ಇಂಡಿಯಾ ಅನ್‌ಹರ್ಡ್ ಅಂತ ಒಂದು ಕೆಲಸ ಶುರು ಮಾಡಿತು. ಹಳ್ಳಿಯವರಿಗೆ, ದಲಿತ ಮತ್ತು ಆದಿವಾಸಿ ಓಣಿಗಳವರಿಗೆ ಕ್ಯಾಮೆರಾ ಹಿಡಿಯುವುದು, ವರದಿ ಕಟ್ಟುವುದು ಕಲಿಸಿ ತಮ್ಮ ಊರಿನ ಸುದ್ದಿ ತಾವೇ ಮಾಡುವ ಹಾಗೆ ಮಾಡಿದರು. ಮಾಡಿದ್ದಕ್ಕೆ ದುಡ್ಡೂ ಕೊಟ್ಟರು. ನನಗೆ ಹಿಡಿಸಿದ್ದು ಅದರ ಮುಂದಿನ ಹೆಜ್ಜೆ. ರೇಷನ್ ಸಿಗುತ್ತಿಲ್ಲ ಅಂತ ವಿಡಿಯೋ ಮಾಡಿದವನು ಅಲ್ಲಿಗೇ ಬಿಡುವುದಿಲ್ಲ. ಅದನ್ನು ಊರಿನವರಿಗೆ ತೋರಿಸುತ್ತಾನೆ, ಅಧಿಕಾರಿಗೆ ತೋರಿಸುತ್ತಾನೆ, ಬೆನ್ನು ಹತ್ತುತ್ತಾನೆ. ರೇಷನ್ ಬಂದ ಮೇಲೆ ಇನ್ನೊಂದು ವಿಡಿಯೋ ಮಾಡುತ್ತಾನೆ. ಅದಕ್ಕೆ ಅವರು ಇಂಪ್ಯಾಕ್ಟ್ ವಿಡಿಯೋ ಅನ್ನುತ್ತಾರೆ. ಛತ್ತೀಸಗಡದ ಸಿಜಿನೆಟ್ ಸ್ವರ ಅನ್ನುವ ಫೋನ್ ಸುದ್ದಿ ಸೇವೆಯಲ್ಲಿ ಇಂಟರ್‌ನೆಟ್ ಇಲ್ಲದ ಆದಿವಾಸಿಗಳು ಸಾದಾ ಫೋನಿನಿಂದಲೇ ತಮ್ಮ ಭಾಷೆಯಲ್ಲಿ ಸುದ್ದಿ ಹೇಳಿಬಿಟ್ಟರು. ಊರವರೇ ಸುದ್ದಿ ಮಾಡಿದರೆ ಕಾಟಾಚಾರದ್ದು ಅಂತ ಯಾರೂ ತಿಳಿಯಬಾರದು.

ಎರಡನೆಯದು ಮುಖ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಕೂಲಿ ಬಾಕಿ ಇಟ್ಟಿದ್ದನ್ನು ಕೆಲಸದ ಜಾಗದಲ್ಲೇ ಕೂಗಾಡಿ ಕೇಳಿದಳು. ದಾರಿಯಲ್ಲಿ ಹೋಗುವವರು ಯಾರೋ ಅದನ್ನು ತೆಗೆದು ಹಾಕಿದರು. ಜನ ಶಹಬ್ಬಾಸ್ ಅಂದರು. ಮುಖ ಸ್ವಚ್ಛ ಕಾಣುತ್ತಿತ್ತು. ಮಾರನೇ ದಿನದಿಂದ ಯಾವ ಮೇಸ್ತ್ರಿಯೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ತೆಗೆದವರಿಗೆ ಅವಳ ಹೆಸರೂ ಗೊತ್ತಿಲ್ಲ. ನಿಮ್ಮಂಥ ವರದಿಗಾರರು ಇದ್ದಿದ್ದರೆ "ತಂಗಿ, ಮುಖ ತೋರಿಸಲೇನು?" ಅಂತ ಒಂದು ಮಾತು ಕೇಳುತ್ತಿದ್ದರು. ಆ ಮಾತು ಕೇಳುವವರು ಬೇಕು.

ಮುಲುಂದ್ ವರದಿಗಾರ್ತಿ

ಎಲ್ಲರಿಗೂ ಧನ್ಯವಾದ. ಮಾಸ್ತರರ ಆ ಹೆಣ್ಣುಮಗಳ ಸಂಗತಿ ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ.

ದಿವಾದ ಅಣ್ಣ, ನಿಮ್ಮ ಮಾತು ಒಪ್ಪುತ್ತೇನೆ. ನಾವು ಬರಲಿಲ್ಲ. ವಿಡಿಯೋ ಬಂತು, ಅದಕ್ಕೇ ಬಾಗಿಲಿನ ಮಾತು ಬಂತು. ಆದರೆ ಒಂದು ಕೇಳುತ್ತೇನೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆ ಮೇಲೆ ನೂಕುನುಗ್ಗಲಾಗಿ 23 ಜನ ಸತ್ತರಲ್ಲ, ಆ ಸೇತುವೆ ಸಾಲುವುದಿಲ್ಲ ಅಂತ ಪ್ರಯಾಣಿಕರು ಅದಕ್ಕೆ ಎಷ್ಟೋ ಮೊದಲಿನಿಂದ ಟ್ವಿಟರ್‌ನಲ್ಲಿ ಬರೆಯುತ್ತಿದ್ದರು, ಫೋಟೋ ಹಾಕುತ್ತಿದ್ದರು. ಎಲ್ಲರ ಕಣ್ಣಿಗೂ ಬಿದ್ದಿತ್ತು. ಯಾರೂ ಬೆನ್ನು ಹತ್ತಲಿಲ್ಲ. ಸತ್ತ ಮೇಲೆ ಸೈನ್ಯದವರು ಬಂದು ಕೆಲವೇ ತಿಂಗಳಲ್ಲಿ ಹೊಸ ಸೇತುವೆ ಕಟ್ಟಿಬಿಟ್ಟರು. 2018ರ ಫೆಬ್ರವರಿಯಲ್ಲಿ ಅದು ತೆರೆಯಿತು. ಅಷ್ಟು ಬೇಗ ಕಟ್ಟಲು ಆಗುವ ಕೆಲಸ ಮೊದಲು ಯಾಕೆ ಆಗಲಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಯಾವ ಫೋಟೋದಲ್ಲೂ ಇರಲಿಲ್ಲ. ಅದು ರೈಲ್ವೆಯ ಫೈಲಿನಲ್ಲಿತ್ತು.

ನಿಮ್ಮೆಲ್ಲರ ಉತ್ತರ ಓದುತ್ತಾ ನನಗೆ ಘಾಟ್ಕೋಪರ್ ಹೋರ್ಡಿಂಗ್ ಮತ್ತೆ ಮತ್ತೆ ನೆನಪಾಯಿತು. 2024ರ ಮೇ 13ರ ಸಂಜೆ, ಛೇಡಾ ನಗರದ ಹತ್ತಿರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಪಕ್ಕದ ಪೆಟ್ರೋಲ್ ಪಂಪಿನ ಮೇಲೆ ಅದು ಬಿತ್ತು. 17 ಜನ ಸತ್ತರು. ಧೂಳಿನ ಗಾಳಿ ಎದ್ದಿತು, ಅಷ್ಟು ದೊಡ್ಡ ಹಲಗೆ ಮೆಲ್ಲಗೆ ವಾಲಿತು, ಆಮೇಲೆ ಒಂದೇ ಸಲಕ್ಕೆ ಕೆಳಗಿನ ಗಾಡಿಗಳ ಮೇಲೆ ಕೂತಿತು. ಹೈವೇಯಲ್ಲಿದ್ದವರು ತೆಗೆದ ಆ ಕೆಲವು ಸೆಕೆಂಡುಗಳನ್ನು ಇಡೀ ದೇಶ ನೋಡಿತು. ಒಂದು ಸಾವಿರ ಪದ ಬರೆದರೂ ನಾನು ಅದನ್ನು ಅಷ್ಟು ತೋರಿಸಲಾರೆ.

ಆದರೆ ಅದರಲ್ಲಿ ಕಾಣದ್ದು ಎಷ್ಟಿತ್ತು ನೋಡಿ. ಹೋರ್ಡಿಂಗ್ 120 ಅಡಿ ಉದ್ದ, 120 ಅಡಿ ಅಗಲ. ಪಾಲಿಕೆಯ ನಿಯಮದಲ್ಲಿ 40 ಅಡಿಗೆ 40 ಅಡಿಗಿಂತ ದೊಡ್ಡದಕ್ಕೆ ಅನುಮತಿಯೇ ಇಲ್ಲ. ಜಾಗ ರೈಲ್ವೆ ಪೊಲೀಸರ ಕೈಯಲ್ಲಿದ್ದದ್ದು. ಅನುಮತಿ ಅಲ್ಲಿಂದ ಬಂದಿತ್ತು. ಪಾಲಿಕೆ ನಮ್ಮ ಒಪ್ಪಿಗೆ ಇಲ್ಲ ಎಂದಿತು. ಹೋರ್ಡಿಂಗ್ ಚೆನ್ನಾಗಿ ಕಾಣಲಿ ಅಂತ ಅಕ್ಕಪಕ್ಕದ ಮರಗಳಿಗೆ ವಿಷ ಹಾಕಿದ್ದಾರೆ ಅನ್ನುವ ದೂರು ಬೀಳುವ ಮೊದಲೇ ಪೊಲೀಸರ ತನಕ ಹೋಗಿತ್ತು. ಅನುಮತಿ ಕೊಟ್ಟ ಕಾಲದ ರೈಲ್ವೆ ಪೊಲೀಸ್ ಕಮಿಷನರ್ ಆಮೇಲೆ ಅಮಾನತಾದರು, ನಿವೃತ್ತ ಮುಖ್ಯ ನ್ಯಾಯಮೂರ್ತಿ ದಿಲೀಪ್ ಭೋಸಲೆ ಅವರ ಸಮಿತಿ ಕೂತಿತು.

ಮರ ಒಣಗುತ್ತಿದ್ದಾಗಲೇ ಯಾರಾದರೂ ನಿಂತು ನೋಡಿ, ಯಾಕೆ ಒಣಗಿತು, ಯಾರಿಗೆ ಲಾಭ, ಯಾರ ಸಹಿ ಅಂತ ಹಿಂದೆ ಬಿದ್ದಿದ್ದರೆ? ಒಣಗುವ ಮರ ವೈರಲ್ ಆಗುವುದಿಲ್ಲ. ಸಹಿ ಹಾಕುವ ಕೋಣೆಯಲ್ಲಿ ಯಾರೂ ಫೋನ್ ಹಿಡಿದು ನಿಲ್ಲುವುದಿಲ್ಲ. ನನಗೆ ಉಳಿದದ್ದು ಅಲ್ಲಿದೆ ಅಂತ ಈಗ ಅನಿಸುತ್ತಿದೆ. ಬೀಳುವುದನ್ನು ಜನ ತೋರಿಸಲಿ. ಅವರು ನನಗಿಂತ ಚೆನ್ನಾಗಿ, ಬೇಗ ತೋರಿಸುತ್ತಾರೆ. ನಾನು ಬೀಳುವ ಮೊದಲಿನ ವರ್ಷಗಳಲ್ಲಿ, ಬಿದ್ದ ನಂತರದ ತಿಂಗಳುಗಳಲ್ಲಿ ಇರಬೇಕು. ವಾರ್ಡ್ ಆಫೀಸಿನ ಬೆಂಚಿನ ಮೇಲೆ ಕಾದು ಕೂರುವುದು ನನಗೆ ಹೊಸದಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮೂವತ್ತು ದಿನ ಕಾಯುವುದೂ ಹೊಸದಲ್ಲ. ಅದಕ್ಕೆ ದುಡ್ಡು ಕೊಡುವ ಪತ್ರಿಕೆ ಬೇಕು ಅನ್ನುವುದು ಬೇರೆ ಹೋರಾಟ. ಅದನ್ನೂ ಡೆಸ್ಕಿನವರ ಜೊತೆ ಮಾತಾಡುತ್ತೇನೆ.

ದಿವಾದ ಅಣ್ಣ, ಹೊಸ ಬಾಗಿಲಿನ ಲೋಕಲ್ ಎಷ್ಟು ಬಂದವು, ಯಾವ ಮಾರ್ಗಕ್ಕೆ ಹಾಕಿದರು ಅಂತ ಬರೆಯಲು ಶುರು ಮಾಡೋಣವೇ? ನಿಮ್ಮ ಗಾಡಿಯ ಜನ ಕಣ್ಣಿಟ್ಟಿರಲಿ. ಕಾಗದ ನಾನು ಕೇಳುತ್ತೇನೆ.

ಇನ್ನೊಂದು ಪ್ರಶ್ನೆ ಇದೆ. ವಕೀಲರು ಯಾರಾದರೂ ಇದ್ದರೆ ಹೇಳಿ. ಜನ ತೆಗೆದ ವಿಡಿಯೋವನ್ನು ಕೇಳದೆ ಎತ್ತಿ ಹಾಕುವುದು ಸರಿಯೇ? ಮತ್ತೆ ಅದು ಕೋರ್ಟಿನಲ್ಲಿ ನಿಲ್ಲುತ್ತದೆಯೇ?

ಫೋರ್ಟ್ ವಕೀಲ

ಮೇಡಂ, ಮೊದಲ ಪ್ರಶ್ನೆಗೆ: ತೆಗೆದವರದ್ದೇ ಹಕ್ಕು. 1957ರ ಕಾಪಿರೈಟ್ ಕಾಯ್ದೆ ಫೋನ್ ವಿಡಿಯೋಗೂ ಅನ್ವಯಿಸುತ್ತದೆ. ನಡೆಯುತ್ತಿರುವ ಘಟನೆಯ ವರದಿಗೆ ಸ್ವಲ್ಪ ಬಳಸಿಕೊಳ್ಳಲು ಕಾಯ್ದೆಯಲ್ಲೇ ಅವಕಾಶ ಇದೆ. ಆದರೆ ಇಡೀ ವಿಡಿಯೋ ಎತ್ತಿ ನಮ್ಮ ಲೋಗೋ ಒತ್ತಿ ದಿನವಿಡೀ ಓಡಿಸುವುದು ಆ ಅವಕಾಶದೊಳಗೆ ಬರುವುದು ಕಷ್ಟ. 2010ರ ಜನವರಿಯಲ್ಲಿ ಹೈಟಿ ಭೂಕಂಪದ ಫೋಟೋಗಳನ್ನು ಅಲ್ಲಿನ ಛಾಯಾಗ್ರಾಹಕರೊಬ್ಬರು ಟ್ವಿಟರ್‌ನಲ್ಲಿ ಹಾಕಿದ್ದರು. ಎಎಫ್‌ಪಿ ಸುದ್ದಿಸಂಸ್ಥೆ ಅವರ ಒಪ್ಪಿಗೆ ಇಲ್ಲದೆ ಹಂಚಿತು. 2013ರಲ್ಲಿ ನ್ಯೂಯಾರ್ಕಿನ ಜ್ಯೂರಿ 12 ಲಕ್ಷ ಡಾಲರ್ ಕೊಡಿ ಎಂದಿತು. ಅದು ಅಮೆರಿಕದ ತೀರ್ಪು, ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಆದರೂ ಟ್ವಿಟರ್‌ನಲ್ಲಿ ಸಿಕ್ಕಿತು ಅಂದರೆ ಯಾರಪ್ಪನ ಮನೆಯದ್ದೂ ಅಲ್ಲ ಅನ್ನುವ ಭಾವನೆ ತಪ್ಪು ಅಂತ ತೋರಿಸುತ್ತದೆ. ಕೇಳಿ, ಹೆಸರು ಹಾಕಿ, ಆಗುವುದಾದರೆ ದುಡ್ಡು ಕೊಡಿ. ಹೆಸರು ಬೇಡ ಅಂದವರ ಹೆಸರು ಬಿಡಿ.

ಎರಡನೆಯದಕ್ಕೆ: 2024ರ ಜುಲೈ 1ರಿಂದ ಹಳೆ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇದೆ. ವಿಡಿಯೋದ ನಕಲನ್ನು ಕೊಟ್ಟರೆ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ನಮ್ಮ ಜಾಲ್ನಾದ ಒಂದು ಚುನಾವಣೆ ತಕರಾರಿನಲ್ಲಿ. ತೆಗೆದ ಫೋನನ್ನೇ ಕೋರ್ಟಿಗೆ ತಂದು ತೋರಿಸಿದರೆ ಮಾತು ಬೇರೆ. ಹಾಗಾಗಿ ದಿವಾದವರಿಗೆ ನನ್ನ ಸಲಹೆ: ಮೂಲ ವಿಡಿಯೋ ಅಳಿಸಬೇಡಿ, ಕತ್ತರಿಸಬೇಡಿ, ಮೇಲೆ ಹಾಡು ಸೇರಿಸಬೇಡಿ. ವಾಟ್ಸ್‌ಆಪ್‌ನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಆಗ ಅದು ಕುಗ್ಗುವುದಿಲ್ಲ. ಅಪರಾಧದ ಕೇಸಿನಲ್ಲಿ ಮಕ್ಕಳು ಇದ್ದರೆ, ಅತ್ಯಾಚಾರದ ದೂರು ಇದ್ದರೆ, ಮುಖ ಮತ್ತು ಗುರುತು ತೋರಿಸುವುದು ಅಪರಾಧ. ಅದು ಚಾನೆಲ್‌ಗಷ್ಟೇ ಅಲ್ಲ, ಫಾರ್ವರ್ಡ್ ಮಾಡುವವರಿಗೂ ಹತ್ತುತ್ತದೆ.

ದಿವಾ ಸ್ಲೋ

ಅಕ್ಕ, ಆಯ್ತು, ಶುರು ಮಾಡೋಣ. ನಮ್ಮ ಗಾಡಿಯ ಗ್ರೂಪಿನಲ್ಲಿ ಹೇಳುತ್ತೇನೆ. ವಕೀಲರೇ, ಒಂದು ಮಾತು. ಪ್ಲಾಟ್‌ಫಾರ್ಮಿನಲ್ಲಿ ವಿಡಿಯೋ ತೆಗೆಯುವಾಗ ಪೊಲೀಸ್ ಬಂದು "ಫೋನ್ ಕೊಡು, ಡಿಲೀಟ್ ಮಾಡು" ಅಂದರೆ ಏನು ಮಾಡುವುದು? ನಮ್ಮ ಹುಡುಗರಿಗೆ ಇದೇ ಹೆದರಿಕೆ.

ಫೋರ್ಟ್ ವಕೀಲ

ಜಗಳ ಆಡಬೇಡಿ, ಕೈ ಅಡ್ಡ ಹಿಡಿಯಬೇಡಿ. ರೈಲ್ವೆ ಜಾಗದಲ್ಲಿ ಚಿತ್ರೀಕರಣಕ್ಕೆ ಅವರದ್ದೇ ನಿಯಮ ಇದೆ. ದೊಡ್ಡ ಕ್ಯಾಮೆರಾ, ಸ್ಟ್ಯಾಂಡ್ ತರಬೇಡಿ. ಪೊಲೀಸ್ ಸ್ಟೇಷನ್ನಿನೊಳಗೆ ವಿಡಿಯೋ ತೆಗೆದಿದ್ದಕ್ಕೆ ಅಧಿಕೃತ ರಹಸ್ಯ ಕಾಯ್ದೆ ಹಾಕಿದ್ದ ಒಂದು ಕೇಸನ್ನು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ರದ್ದು ಮಾಡಿದೆ. ಪೊಲೀಸ್ ಸ್ಟೇಷನ್ ಆ ಕಾಯ್ದೆಯ ನಿಷೇಧಿತ ಜಾಗಗಳ ಪಟ್ಟಿಯಲ್ಲಿಲ್ಲ ಅಂತ ಕೋರ್ಟ್ ಹೇಳಿತು. ಇದನ್ನು ನೆನಪಿಟ್ಟುಕೊಳ್ಳಿ.

ಫೋನ್ ವಶಕ್ಕೆ ತೆಗೆದುಕೊಳ್ಳುತ್ತೇವೆ ಅಂದರೆ ಪಂಚನಾಮೆ ಕೇಳಿ. ಫೋನಿನ ಮಾಡೆಲ್ ಮತ್ತು ಐಎಂಇಐ ಸಂಖ್ಯೆ ಅದರಲ್ಲಿ ಬರೆಸಿ, ಒಂದು ಪ್ರತಿ ಇಸಿದುಕೊಳ್ಳಿ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ, ಶೋಧ ಮತ್ತು ಜಪ್ತಿ ಮಾಡುವುದನ್ನು ಪೊಲೀಸರೇ ಆಡಿಯೋ-ವಿಡಿಯೋ ರೆಕಾರ್ಡ್ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಆ ಕಲಂ ಸಂಖ್ಯೆಯನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿ. ಮರ್ಯಾದೆಯಿಂದ ಕೇಳಿದರೆ ಸುಮಾರು ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಆ ಪಂಚನಾಮೆಯ ಫೋಟೋ ಮುಲುಂದ್ ಮೇಡಂಗೆ ಕಳಿಸಿ, ನನಗೂ ಇಲ್ಲಿ ತಿಳಿಸಿ.